ಟೈರಿನ ಎಚ್ಚರಿಕೆ ದೀಪ ಮತ್ತು ಮಾಲೀಕನ ಹೊಣೆ

ಪುಣೆ–ಹೈದರಾಬಾದ್ ಮಾರ್ಗದ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ವ್ಯಾಪಾರಕ್ಕೆ ಜೀವನಾಡಿಯಿದ್ದಂತೆ. ಖರೀದಿ, ವಸೂಲಿ, ಕಚೇರಿ ಕೆಲಸಗಳಿಗಾಗಿ ನಮ್ಮ ವರ್ತಕರೂ ಸಣ್ಣ ಉದ್ದಿಮೆದಾರರೂ ಸೊಲ್ಲಾಪುರಕ್ಕೆ, ಹೈದರಾಬಾದಿಗೆ ಕಾರಿನಲ್ಲಿಯೇ ಹೋಗಿಬರುತ್ತಾರೆ. ಇತ್ತೀಚಿನ ಅನೇಕ ಕಾರುಗಳಲ್ಲಿ ಟೈರಿನ ಗಾಳಿಯ ಒತ್ತಡ ಕುಸಿದರೆ ಎಚ್ಚರಿಸುವ ವ್ಯವಸ್ಥೆಯಿದೆ. ಆದರೆ ದೀಪ ಹೊತ್ತಿದಾಗ ಕಾರಣ ಹುಡುಕದೆ ‘ರೀಸೆಟ್’ ಗುಂಡಿ ಒತ್ತಿ ಮುಂದೆ ಸಾಗುವ ರೂಢಿಯೂ ಬೆಳೆದಿದೆ. ಇದು ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ದೂಡಿ ಪುಸ್ತಕ ಮುಚ್ಚಿದಂತೆ. ಲೆಕ್ಕದಲ್ಲಿ ಇದರ ದಂಡ ಹಣದಲ್ಲಿ ಮುಗಿಯಬಹುದು, ಹೆದ್ದಾರಿಯಲ್ಲಿ ಮುಗಿಯದು.

ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ವೈಫಲ್ಯದಿಂದಾದ ಸಾವುನೋವುಗಳ ನಂತರ 2000ದಲ್ಲಿ ಕಾನೂನು ರಚನೆಯಾಗಿ, ಮುಂದೆ ಈ ವ್ಯವಸ್ಥೆ ಅಲ್ಲಿನ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ನಮ್ಮ ಕೇಂದ್ರ ಸರ್ಕಾರವು 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಈ ವ್ಯವಸ್ಥೆಯೂ ಪಂಕ್ಚರ್ ದುರಸ್ತಿ ಕಿಟ್ಟೂ ಇರುವ ಕಾರುಗಳಿಗೆ ಸ್ಟೆಪ್ನಿ ಬೇಕಿಲ್ಲವೆಂದು ವಿನಾಯಿತಿ ನೀಡಿತು. ಸ್ಟೆಪ್ನಿಯಿಲ್ಲದ ಕಾರಿನಲ್ಲಿ ದೀಪವನ್ನು ಅಲಕ್ಷಿಸುವುದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ದೋಷ ಪತ್ತೆಗೆ ಒಂದು ಕ್ರಮವಿದೆ. ಮೊದಲು ದೀಪದ ರೀತಿಯನ್ನು ಗಮನಿಸಬೇಕು. ಅದು ಸ್ಥಿರವಾಗಿ ಉರಿದರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ಗಾಡಿ ಚಾಲೂ ಮಾಡಿದಾಗ ಸುಮಾರು ಒಂದು ನಿಮಿಷ ಮಿಣುಕಿ ಬಳಿಕ ಸ್ಥಿರವಾದರೆ, ಬಹುತೇಕ ಕಾರುಗಳಲ್ಲಿ ದೋಷವಿರುವುದು ವ್ಯವಸ್ಥೆಯಲ್ಲಿಯೇ.

ಎರಡನೆಯದಾಗಿ, ಟೈರು ತಣ್ಣಗಿರುವಾಗ ನಾಲ್ಕೂ ಚಕ್ರಗಳನ್ನು ಗೇಜಿನಿಂದ ಅಳೆದು, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಅಂಟಿಸಿರುವ ಪಟ್ಟಿಯೊಡನೆ ಹೋಲಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ದೂರ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಆಗ ಗಾಳಿ ಬಿಡಬಾರದು.

ಒಂದೇ ಚಕ್ರ ಪದೇಪದೇ ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚಿ ಮೊಳೆ, ವಾಲ್ವ್, ರಿಮ್ ಅಂಚುಗಳನ್ನು ಪರೀಕ್ಷಿಸಬೇಕು. ನಾಲ್ಕೂ ಸಮನಾಗಿ ಇಳಿದಿದ್ದರೆ ಹವಾಮಾನದತ್ತ ನೋಡಬೇಕು. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನ ಒತ್ತಡ 1.5ರಿಂದ 2 ಪಿಎಸ್‌ಐ ಇಳಿಯುತ್ತದೆ. ಬೀದರ್ ಜಿಲ್ಲೆಯ ಡಿಸೆಂಬರ್ ಮುಂಜಾವಿನಲ್ಲಿ ದೀಪ ಹೊತ್ತುವುದು ಇದರಿಂದಲೇ. ಆದರೆ ಚಳಿಯನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅಮೆರಿಕದ ನಿಯಮದಂತೆ ನಿಗದಿತ ಒತ್ತಡ ಶೇ. 25ರಷ್ಟು ಕುಸಿದಾಗ ದೀಪ ಹೊತ್ತಿದರೆ ಸಾಕು. ಅಂದರೆ 33 ಇರಬೇಕಾದದ್ದು 25ರ ಸಮೀಪಕ್ಕೆ ಇಳಿದಿರುತ್ತದೆ. ಆದುದರಿಂದ ಈ ದೀಪವನ್ನು ಕೊನೆಯ ನೋಟೀಸೆಂದು ತಿಳಿಯಬೇಕು. ತಿಂಗಳಿಗೊಮ್ಮೆ ಗೇಜು ಹಿಡಿಯುವುದು ತಪ್ಪುವುದಿಲ್ಲ.

ಒತ್ತಡ ಸರಿಯಿದ್ದೂ ದೀಪ ಆರದಿದ್ದರೆ ನಿಮ್ಮ ಕಾರಿನ ವ್ಯವಸ್ಥೆ ಯಾವ ಬಗೆಯದೆಂದು ತಿಳಿಯಬೇಕು. ಒಂದು ಬಗೆಯಲ್ಲಿ ಪ್ರತಿ ಚಕ್ರದೊಳಗೆ ಸೆನ್ಸರ್ ಇರುತ್ತದೆ. ಅದರ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಮುಗಿದರೆ ಸೆನ್ಸರನ್ನೇ ಬದಲಿಸಬೇಕು. ಟೈರು ಬಿಚ್ಚುವಾಗ ಸಲಾಕೆ ತಗುಲಿ ಒಡೆದಿರಬಹುದು, ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿರಬಹುದು, ಹೊಸ ಸೆನ್ಸರನ್ನು ಗಾಡಿಯ ಕಂಪ್ಯೂಟರಿಗೆ ನೋಂದಾಯಿಸದೆ ಇರಬಹುದು. ಪಂಕ್ಚರ್ ತೆಗೆಸುವ ಮೊದಲು ಒಳಗೆ ಸೆನ್ಸರ್ ಇದೆಯೆಂದು ಮೇಸ್ತ್ರಿಗೆ ಹೇಳಬೇಕು. ಇನ್ನೊಂದು ಬಗೆಯು ಎಬಿಎಸ್ ಬ್ರೇಕಿನ ಸಹಾಯದಿಂದ ಚಕ್ರಗಳ ವೇಗವನ್ನು ಹೋಲಿಸಿ ಊಹಿಸುವಂಥದು. ನಾಲ್ಕೂ ಟೈರು ಸಮನಾಗಿ ಇಳಿದರೆ ಇದಕ್ಕೆ ತಿಳಿಯದೆ ಹೋಗಬಹುದು. ಗುಂಡಿ ಒತ್ತುವ ಪದ್ಧತಿ ಇರುವುದು ಹೆಚ್ಚಾಗಿ ಇದರಲ್ಲಿಯೇ. ಗಾಳಿ ಸರಿಪಡಿಸುವ ಮೊದಲೇ ಒತ್ತಿದರೆ ತಪ್ಪು ಒತ್ತಡವನ್ನೇ ಸರಿಯೆಂದು ಕಲಿಸಿಕೊಟ್ಟಂತಾಗುತ್ತದೆ.

ಖರ್ಚಿನ ನೆಪ ಹೇಳುವವರಿಗೆ ಎರಡು ಮಾತು. ಕಾರಿನ ದುರಸ್ತಿ ಸೇವೆಯ ಮೇಲಿನ ಜಿಎಸ್‌ಟಿಗೆ, ಕೆಲವು ಅಪವಾದಗಳ ಹೊರತು, ಕಲಂ 17(5)ರಂತೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲವೆಂಬುದು ನಿಜ. ಆದರೆ 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಸವೆದ ಟೈರನ್ನು ಇನ್ನೂ ಒಂದು ವರ್ಷ ಎಳೆಯೋಣವೆಂಬ ವಾದಕ್ಕೆ ಈಗ ಹಿಂದಿನಷ್ಟೂ ಬಲವಿಲ್ಲ.

ಇದಕ್ಕಿಂತ ಮುಖ್ಯವಾದ ವಿಷಯ ಚಾಲಕನದು. ಎಷ್ಟೋ ವೇಳೆ ದೀಪವನ್ನು ಮೊದಲು ಕಾಣುವವನು ಸಂಬಳದ ಚಾಲಕ. ‘ಹೋಗಿ ಬಾ, ಬಂದ ಮೇಲೆ ನೋಡೋಣ’ ಎಂದರೆ ಅವನು ಹೋಗಲೇಬೇಕು. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಪಕ್ಕಗಳಲ್ಲಿ ಹೆಚ್ಚು ಬಾಗಿ ಕಾವೇರಿ ಸಿಡಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಆ ಅಪಾಯ ಇನ್ನೂ ಹೆಚ್ಚು. ಆಗ ಹೋಗುವುದು ಅವನ ಜೀವ, ಅವನನ್ನು ನಂಬಿದವರ ಬದುಕು.

ಆದುದರಿಂದ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾಹನಗಳಿಗೊಂದು ಟೈರು ವಹಿ ಇಟ್ಟು, ದಿನಾಂಕ, ಪ್ರತಿ ಚಕ್ರದ ಒತ್ತಡ, ಮಾಡಿದ ದುರಸ್ತಿಗಳನ್ನು ಬರೆಸಬೇಕು. ಸರಕು ಸಾಗಿಸುವ, ಇಂಥ ದೀಪವೇ ಇಲ್ಲದ ಹಳೆಯ ಗಾಡಿಗಳಿಗಂತೂ ಈ ವಹಿಯೇ ಎಚ್ಚರಿಕೆ. ದಾರಿಯಲ್ಲಿ ದೀಪ ಹೊತ್ತಿದರೆ ಹಠಾತ್ ಬ್ರೇಕ್ ಹಾಕದೆ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಅಳೆಯಬೇಕು. ಅಳೆಯದೆ ಮುಂದುವರಿಯಬಾರದು ಎಂಬ ಆದೇಶವನ್ನು ಮಾಲೀಕರು ಲಿಖಿತವಾಗಿಯೇ ಕೊಡಲಿ. ಅದರಿಂದಾಗುವ ತಡಕ್ಕೆ ಚಾಲಕನ ಸಂಬಳ ಕಡಿಯುವುದಿಲ್ಲವೆಂದೂ ಅದೇ ಕಾಗದದಲ್ಲಿ ಬರೆದು ಸಹಿ ಹಾಕಲಿ.