ಶಾಖಚಿಕಿತ್ಸೆಯ ನಂತರ ಬರುವ ಕಾಮಾಲೆಗೆ ಕಷಾಯ ಮದ್ದಲ್ಲ

ಕಾಮಾಲೆ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ನೆಲನೆಲ್ಲಿಯ ರಸ, ಮಜ್ಜಿಗೆ ಅನ್ನದ ಪಥ್ಯ, ಇಲ್ಲವೇ ಊರಲ್ಲಿ ಕಾಮಣಿಗೆ ಮದ್ದು ಕೊಡುವ ಹಿರಿಯರ ಮನೆ. ಕೆಲವು ಕಡೆ ಕೈಗೆ ಬರೆ ಹಾಕಿಸುವ ರೂಢಿಯೂ ಉಳಿದಿದೆ. ವೈರಾಣುವಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಈ ಎಲ್ಲ ಉಪಾಯಗಳಿಗೂ ಒಳ್ಳೆಯ ಹೆಸರು ಬಂದಿದೆ. ಆದರೆ ಯಕೃತ್ತಿನ ಕ್ಯಾನ್ಸರಿಗೆ ಶಾಖದ ಚಿಕಿತ್ಸೆ ಪಡೆದವರಲ್ಲಿ ಕಾಣಿಸುವ ಕಾಮಾಲೆಯನ್ನು ಈ ಸಾಲಿಗೆ ಸೇರಿಸಲಾಗದು. ಈ ಮಾತನ್ನು ಆಯುರ್ವೇದ ವೈದ್ಯರಾದ ನಾವೇ ಹೇಳಬೇಕಾದ ಕಾಲ ಬಂದಿದೆ.

ಕೆಲವು ವರ್ಷಗಳ ಹಿಂದೆ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಕಣ್ಣು ಹಳದಿಯಾಗಿತ್ತು, ಮೈಯೆಲ್ಲ ತುರಿಕೆ. ನಾಡಿ ನೋಡಿದೆವು, ನಾಲಿಗೆ ನೋಡಿದೆವು, ಪಥ್ಯ ಹೇಳಿ ಔಷಧ ಕೊಟ್ಟೆವು. ಹತ್ತು ದಿನಗಳ ತರುವಾಯ ಚಳಿಜ್ವರದಿಂದ ನಡುಗುತ್ತ ಮರಳಿ ಬಂದಾಗ ಅವರ ಮಗ ಚೀಲದಿಂದ ಹಳೆಯ ಕಾಗದಗಳನ್ನು ತೆಗೆದರು. ಮೂರು ತಿಂಗಳ ಹಿಂದೆ ಯಕೃತ್ತಿನ ಗಡ್ಡೆಯನ್ನು ಸೂಜಿಯ ಮೂಲಕ ಸುಡಲಾಗಿತ್ತು. “ಅದು ಆಗಲೇ ವಾಸಿಯಾಗೇದಲ್ರಿ ಡಾಕ್ಟರೇ, ಇದು ಬರೀ ಕಾಮಣಿ ಅಂದುಕೊಂಡಿದ್ವಿ” ಎಂದರು ಮಗ. ಅವರು ಹೇಳಿರಲಿಲ್ಲ; ನಾವೂ ಕೇಳಿರಲಿಲ್ಲ. ಅಂದೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಪಿತ್ತನಾಳ ಕಿರಿದಾಗಿ, ಅದರ ಹಿಂದೆ ನಿಂತ ಪಿತ್ತದಲ್ಲಿ ಸೋಂಕು ಬೆಳೆದಿತ್ತು. ಸ್ಟೆಂಟ್ ಇಟ್ಟ ಮೇಲೆ ಅವರು ಉಳಿದುಕೊಂಡರು. ಕಳೆದುಹೋದ ಆ ಹತ್ತು ದಿನಗಳ ಹೊಣೆ ಮಾತ್ರ ನಮ್ಮದು.

ಈ ಚಿಕಿತ್ಸೆಯನ್ನು ನಾವು ದೂಷಿಸುತ್ತಿಲ್ಲ. ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್, ಮೈಕ್ರೋವೇವ್ ಅಬ್ಲೇಶನ್ ಎಂಬ ಎರಡು ವಿಧಾನಗಳು ಇಂದು ಪ್ರಚಲಿತವಾಗಿವೆ. ಅಲ್ಟ್ರಾಸೌಂಡ್ ಅಥವಾ ಸಿ.ಟಿ. ನೆರವಿನಿಂದ ತೆಳುವಾದ ಸೂಜಿಯನ್ನು ಗಡ್ಡೆಯೊಳಗೆ ಇಳಿಸಿ, 60 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಿಂದ ಅದನ್ನು ನಾಶಗೊಳಿಸುತ್ತಾರೆ. 3 ಸೆಂಟಿಮೀಟರ್‌ವರೆಗಿನ ಸಣ್ಣ ಗಡ್ಡೆಗಳಲ್ಲಿ ಇದರ ಫಲ ಬಹಳ ಉತ್ತಮ. ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆಯನ್ನು ತಾಳಲಾರದವರಿಗೆ ಇದು ವರವೇ ಸರಿ.

ಆದರೆ ಬೆಂಕಿಗೆ ಗಡ್ಡೆ ಯಾವುದು, ನಾಳ ಯಾವುದು ಎಂಬ ವಿವೇಕವಿಲ್ಲ. ರೋಗ ಉಳಿಯಬಾರದೆಂದು ಗಡ್ಡೆಯ ಸುತ್ತಲಿನ ಅರ್ಧದಿಂದ ಒಂದು ಸೆಂಟಿಮೀಟರ್ ಭಾಗವನ್ನೂ ಸೇರಿಸಿ ಸುಡಲು ಯತ್ನಿಸುತ್ತಾರೆ. ಹತ್ತಿರದಲ್ಲಿ ದೊಡ್ಡ ರಕ್ತನಾಳವಿದ್ದರೆ ವೇಗವಾಗಿ ಹರಿಯುವ ರಕ್ತವು ಶಾಖವನ್ನು ಹೊತ್ತೊಯ್ದು ಆ ನಾಳವನ್ನು ತಂಪಾಗಿಡುತ್ತದೆ. ಪಿತ್ತನಾಳಕ್ಕೆ ಆ ಭಾಗ್ಯವಿಲ್ಲ. ಅದರೊಳಗಿನ ರಸ ಬಹು ನಿಧಾನವಾಗಿ ಹರಿಯುತ್ತದೆ. ಯಕೃತ್ತಿಗೆ ಎರಡು ಮೂಲಗಳಿಂದ ರಕ್ತ ಬಂದರೆ, ಪಿತ್ತನಾಳ ಬಹುಮಟ್ಟಿಗೆ ಧಮನಿಯೊಂದನ್ನೇ ನಂಬಿದೆ. ಹೀಗಾಗಿ ಯಕೃತ್ತಿನ ದ್ವಾರಭಾಗದಲ್ಲಿ, ದೊಡ್ಡ ಪಿತ್ತನಾಳಗಳ ಪಕ್ಕದಲ್ಲಿ ಗಡ್ಡೆಯಿದ್ದವರಿಗೆ ಅಪಾಯ ಹೆಚ್ಚು. ಸುಟ್ಟ ನಾಳ ಕೂಡಲೇ ಮುಚ್ಚಬೇಕೆಂದಿಲ್ಲ. ಗಾಯ ಮಾಗುತ್ತ, ಕಲೆಗಟ್ಟುತ್ತ, ವಾರಗಳು ಅಥವಾ ತಿಂಗಳುಗಳ ನಂತರ ಅದು ಕಿರಿದಾಗಬಹುದು. ಕೆಲವರಲ್ಲಿ ನಾಳ ಒಡೆದು ಪಿತ್ತ ಹೊರಗೆ ಶೇಖರವಾಗುತ್ತದೆ. ಕೆಲವರಲ್ಲಿ ಅಲ್ಲಿಯೇ ಕೀವು ತುಂಬುತ್ತದೆ. ಹಿಂದೆ ಪಿತ್ತನಾಳವನ್ನು ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯಾದವರಲ್ಲಿ, ನಾಳದಲ್ಲಿ ಸ್ಟೆಂಟ್ ಇರುವವರಲ್ಲಿ ಕೀವಿನ ಭಯ ಹೆಚ್ಚು. ಇಂಥ ತೊಡಕು ಅನೇಕರಿಗೆ ಬರುವುದಿಲ್ಲ; ಬಂದವರಿಗೆ ಮಾತ್ರ ಕಾಲವೇ ಜೀವ.

ನಮ್ಮ ಶಾಸ್ತ್ರಕ್ಕೆ ಇದು ಹೊಸ ಮಾತಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯ ಅಗ್ನಿಕರ್ಮಕ್ಕೇ ಮೀಸಲು. ಅಲ್ಲಿ ಸರಿಯಾದ ದಹನದೊಂದಿಗೆ ಅತಿದಗ್ಧದ ಲಕ್ಷಣಗಳನ್ನೂ ಹೇಳಲಾಗಿದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 16ನೆಯ ಅಧ್ಯಾಯವು ಪಿತ್ತದ ಮಾರ್ಗ ಅಡ್ಡಗಟ್ಟಿದಾಗ ಬರುವ ಕಾಮಾಲೆಯನ್ನು ಬೇರೆಯಾಗಿಯೇ ವರ್ಣಿಸುತ್ತದೆ. ಅರೆದ ಎಳ್ಳಿನಂಥ ಬಿಳಿಚಿದ ಮಲ ಅದರ ಗುರುತು. ಇಷ್ಟು ಓದಿದವರು ಎಲ್ಲ ಕಾಮಾಲೆಗೂ ಒಂದೇ ಮದ್ದು ಕೊಡುವುದು ಶಾಸ್ತ್ರದ್ರೋಹವಾಗುತ್ತದೆ. ಮಾರ್ಗ ತಡೆದ ಕಾಮಾಲೆಗೂ ಗ್ರಂಥದಲ್ಲಿ ಔಷಧ ಹೇಳಿದೆಯಲ್ಲವೇ ಎಂದು ನಮ್ಮ ಸಹೋದ್ಯೋಗಿಗಳು ಕೇಳುವುದುಂಟು. ಹೇಳಿದೆ, ಆದರೆ ಅಲ್ಲಿ ಅಡ್ಡಗಟ್ಟಿದ್ದು ಕಫ. ಸುಟ್ಟು ಕಲೆಗಟ್ಟಿದ ನಾಳವನ್ನು ಕಫಹರ ಚೂರ್ಣ ತೆರೆಯಲಾರದು. ಕಾಮಾಲೆಗೆ ಪ್ರಸಿದ್ಧವಾದ ವಿರೇಚನವನ್ನು ಸೋಂಕಿನಿಂದ ಬಳಲಿದ ದೇಹಕ್ಕೆ ಕೊಟ್ಟರೆ ಇರುವ ಬಲವೂ ಕುಂದೀತು.

ಆದಕಾರಣ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಚಿಕಿತ್ಸೆಯ ನಂತರದ ಕೆಲವು ದಿನ ಸಣ್ಣ ಜ್ವರ, ಆಯಾಸ, ನೋವು ಸಹಜ. ಆದರೆ ಜ್ವರ ವಾರ ಮೀರಿದರೆ, ಚಳಿ ನಡುಕ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಚಹಾದ ಡಿಕಾಕ್ಷನ್ನಿನಂತೆ ಕಪ್ಪಾದರೆ, ಮಲ ಬಿಳಿಚಿದರೆ, ಮೈ ತುರಿಸಿದರೆ, ಬಲಪಕ್ಕೆಯ ನೋವು ಹೆಚ್ಚಿದರೆ, ಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಮರಳಿ ಹೋಗಿರಿ. ಚಳಿಜ್ವರದೊಡನೆ ಕಾಮಾಲೆ ಕಂಡರೆ ಬೆಳಗಾಗಲೆಂದು ಕಾಯಬೇಡಿರಿ. ರಕ್ತಪರೀಕ್ಷೆ ಮತ್ತು ಸ್ಕ್ಯಾನ್‌ಗಳಿಂದ ತಡೆ ಎಲ್ಲಿದೆಯೆಂದು ತಿಳಿಯುತ್ತದೆ. ಎಂಡೋಸ್ಕೋಪಿಯ ಮೂಲಕ ಸ್ಟೆಂಟ್ ಇಡಬಹುದು, ಇಲ್ಲವೇ ಚರ್ಮದ ಮೂಲಕ ನಳಿಕೆ ಹಾಕಿ ಪಿತ್ತವನ್ನು, ಕೀವನ್ನು ಹೊರತೆಗೆಯಬಹುದು. ಗಡ್ಡೆ ಮರಳಿ ಬಂದು ನಾಳವನ್ನು ಒತ್ತುತ್ತಿದೆಯೇ, ಯಕೃತ್ತೇ ಸೋಲುತ್ತಿದೆಯೇ ಎಂಬುದನ್ನೂ ಅಲ್ಲಿಯೇ ನಿರ್ಣಯಿಸಬೇಕು. ನಾಡಿ ಹಿಡಿದು ನಾವು ಹೇಳಲಾರೆವು.

ಆಸ್ಪತ್ರೆಗಳಿಗೂ ಒಂದು ಮಾತಿದೆ. ಬಿಡುಗಡೆಯ ಕಾಗದ ಇಂಗ್ಲಿಷಿನಲ್ಲಿದ್ದರೆ ಹೊಲದಲ್ಲಿ ದುಡಿಯುವವರಿಗೆ ಅದು ಚೀಲದಲ್ಲಿಡುವ ಕಾಗದ ಮಾತ್ರ. ಮೇಲಿನ ಲಕ್ಷಣಗಳನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಎಷ್ಟೋ ಜೀವ ಉಳಿದಾವು. ನಾವು ಆಯುರ್ವೇದದವರು ಔಷಧ ಬರೆಯುವ ಮುನ್ನ “ಯಕೃತ್ತಿಗೆ ಹಿಂದೆ ಏನಾದರೂ ಚಿಕಿತ್ಸೆಯಾಗಿದೆಯೇ?” ಎಂದು ಕೇಳುವುದನ್ನು ವ್ರತದಂತೆ ಪಾಲಿಸಬೇಕು.

ನಾಳ ತೆರೆದು, ಸೋಂಕು ಇಳಿದು, ಹಸಿವು ಮರಳಿದ ಮೇಲೆ ಆಹಾರ, ನಿದ್ರೆ, ದಿನಚರಿಗಳನ್ನು ಸರಿಪಡಿಸುವಲ್ಲಿ ನಮ್ಮಿಂದ ಆಗುವ ಸಹಾಯ ಬಹಳವಿದೆ. ಆಗಲೂ ಯಾವ ಔಷಧವನ್ನಾಗಲಿ ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು. ಗಿಡಮೂಲಿಕೆಯೆಂದ ಮಾತ್ರಕ್ಕೆ ನೊಂದ ಯಕೃತ್ತಿಗೆ ಅದು ಹಗುರವಾಗಿರುವುದಿಲ್ಲ. ರೋಗಿಯನ್ನು ಬೇರೆ ವೈದ್ಯರಲ್ಲಿಗೆ ಕಳುಹಿಸಿದರೆ ಆಯುರ್ವೇದಕ್ಕೆ ಕುಂದು ಬಾರದು. ಕಳುಹಿಸದೆ ಹತ್ತು ದಿನ ಕಳೆದರೆ ಕುಂದು ಬರುತ್ತದೆ. ಅದನ್ನು ನಾವು ಕಂಡಿದ್ದೇವೆ.