ಪಾಡ್ದನದ ಅಜ್ಜಿ ತರಗತಿಗೆ ಬರಲಿ

ಪುತ್ತೂರು, ಸುಳ್ಯ, ಕಡಬ ಸೀಮೆಯ ಯಾವುದಾದರೊಂದು ಪ್ರಾಥಮಿಕ ಶಾಲೆಯನ್ನು ಹೊಕ್ಕು ಪಾಣಿಪತ್ತಿನ ಕದನಗಳೆಷ್ಟೆಂದು ಕೇಳಿದರೆ ತಟ್ಟನೆ ಮೂರೆನ್ನುವ ಬಾಲಕನು, ತನ್ನ ಬಸ್ಸು ದಿನವೂ ಹಾದುಹೋಗುವ ಬೆಳ್ಳಾರೆಯಲ್ಲಿ 1837ರಲ್ಲಿ ನಡೆದುದೇನೆಂದು ಕೇಳಿದೊಡನೆ ಮೌನಿಯಾಗುವನು. ಅಪರಾಧವು ಆತನದಲ್ಲ.

1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪೆನಿಯು ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಅದುವರೆಗೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿಯೇ ತೆರಬೇಕೆಂದು ವಿಧಿಸಲು, ಕಣಜದಲ್ಲಿ ಭತ್ತವಿದ್ದೂ ಕೈಯಲ್ಲಿ ಕಾಸಿಲ್ಲದ ಒಕ್ಕಲಿಗನು ಸಾಲಕ್ಕಾಗಿ ಸಾಹುಕಾರನ ಬಾಗಿಲು ಕಾಯುವಂತಾಯಿತು. ಆ ಸಂಕಟದಲ್ಲಿ ಕೂಡಿಬಂದ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ದಂಡು ಬೆಳ್ಳಾರೆಯ ಖಜಾನೆಯನ್ನು ಕೈವಶಮಾಡಿಕೊಂಡು, 1837ರ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು, ಇಂದು ಬಾವುಟಗುಡ್ಡೆಯೆನಿಸಿರುವ ದಿಣ್ಣೆಯಲ್ಲಿ ಧ್ವಜವನ್ನೇರಿಸಿತು. ಅಡಕೆಯ ಧಾರಣೆಯ ಮಾತನ್ನು ಊಟದ ಹೊತ್ತಿಗೆಲ್ಲ ಕೇಳುವ ನಾಲ್ಕನೆಯ ತರಗತಿಯ ಮಗುವಿಗೆ ಈ ದಂಗೆಯ ಕಾರಣ ಅರ್ಥವಾಗದೆಂದು ನಾನು ಒಪ್ಪಲಾರೆ. ಇಸವಿಯ ಬಾಯಿಪಾಠ ಆಮೇಲಾಗಲಿ.

ಊರಿನ ಕಥೆಯನ್ನು ತರಗತಿಗೆ ತಂದವರು ಬೇರೆಡೆ ಇದ್ದಾರೆ. ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ 1896ರ ಕಾನೂನು ಅಲ್ಲಿನ ನುಡಿಯನ್ನು ಶಾಲೆಯಿಂದ ಹೊರದೂಡಿತ್ತು. 1978ರಲ್ಲಿ ರಾಜ್ಯದ ಸಂವಿಧಾನವೇ ತಿದ್ದುಪಡಿಗೊಂಡು ನಾಡಿನ ಭಾಷೆ, ಸಂಸ್ಕೃತಿ, ಇತಿಹಾಸಗಳ ಬೋಧನೆಯು ಸಾರ್ವಜನಿಕ ಶಾಲೆಗಳ ಕರ್ತವ್ಯವಾದ ಬಳಿಕ, ಅಲ್ಲಿಯವರು ಪಠ್ಯಪುಸ್ತಕವೊಂದನ್ನೇ ನೆಚ್ಚದೆ, 'ಕುಪುನ'ರೆಂಬ ಊರ ಹಿರಿಯರನ್ನು ಪ್ರಾಥಮಿಕ ತರಗತಿಗಳಿಗೆ ಬರಮಾಡಿಕೊಂಡರು.

ನಮ್ಮಲ್ಲಿ ಅಂತಹ ಹಿರಿಯರಿಲ್ಲವೆ? ಪಡುಮಲೆಯಲ್ಲಿ ಹುಟ್ಟಿ, ಪಂಜವನ್ನು ಕಂಡು, ಎಣ್ಮೂರಿನಲ್ಲಿ ಮಡಿದ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯನ್ನು ನೇಜಿ ನೆಡುವಾಗ ಪಾಡ್ದನವೆಂಬ ತುಳು ಕಥನಗೀತೆಯಾಗಿ ಹಾಡುತ್ತಿದ್ದ ಅಜ್ಜಿಯರು ಕೆಲವರಾದರೂ ಉಳಿದಿದ್ದಾರೆ. ಗದ್ದೆಗಳು ಅಡಕೆಯ ತೋಟಗಳಾದುದರಿಂದ ಅವರಿಗೆ ಹಾಡುವ ಎಡೆಯೇ ಇಲ್ಲವಾಗಿದೆ. ಬಾಲವನದಲ್ಲಿ ಶಿವರಾಮ ಕಾರಂತರು ಆಟ ನಾಟಕಗಳ ಮೂಲಕ ಮಕ್ಕಳ ಕಲಿಕೆಯನ್ನು ಪ್ರಯೋಗಿಸಿ ನೋಡಿದ ಪುತ್ತೂರಿಗೆ ಇಷ್ಟನ್ನು ಹೇಳಬೇಕಾಗಿ ಬಂದುದೇ ಸೋಜಿಗ.

ಇಲ್ಲಿನ ಮನೆಮಾತುಗಳಾದ ತುಳುವಿಗೂ ಅರೆಭಾಷೆಗೂ ಅಕಾಡೆಮಿಗಳಿವೆ, ಸಮಾರಂಭಗಳಿವೆ. ಏಳು ವರ್ಷದ ಮಗು ಮಾತ್ರ ಮನೆಮಾತನ್ನು ಶಾಲೆಯ ಗೇಟಿನಲ್ಲಿಯೇ ಬಿಟ್ಟು ಒಳಬರುತ್ತದೆ. ಮುಂದಿನ ಮಳೆಗಾಲಕ್ಕೆ ಶಾಲೆ ತೆರೆದಾಗ, ಶಾಲಾಭಿವೃದ್ಧಿ ಸಮಿತಿಯವರು ವಾರಕ್ಕೊಂದು ಗಂಟೆ ಅಂತಹ ಒಬ್ಬ ಅಜ್ಜಿಯನ್ನು ಗೌರವಧನವಿತ್ತು ಕರೆಯಿಸಲಿ. ಅವರು ತಮ್ಮ ನುಡಿಯಲ್ಲಿಯೇ ಹೇಳಲಿ. ಮಾಷ್ಟ್ರು ಮಕ್ಕಳೊಡನೆ ಕುಳಿತು ಬರೆದುಕೊಳ್ಳಲಿ.