ಹೊಲ ಹಸಿರಾಗಿದ್ದರೆ ಸಾಕೇ?

2023ರ ಅಕ್ಟೋಬರಿನಲ್ಲಿ ಕೇಂದ್ರದ ಬರ ಅಧ್ಯಯನ ತಂಡ ಬಂದಾಗ ನಮ್ಮ ಸರ್ಕಾರ ಅದರ ಮುಂದಿಟ್ಟದ್ದು 'ಹಸಿರು ಬರ'ವನ್ನು. ಬೆಂಗಳೂರಿನವರಿಗೆ ಇದು ವಿಚಿತ್ರ ಅನ್ನಿಸಿರಬಹುದು, ಮೆಕ್ಕೆಜೋಳ ಹಾಕಿದವರಿಗಲ್ಲ. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದೇ ವರ್ಷದ್ದು. ಆಮೇಲೆ ಬಿದ್ದ ಮಳೆಗೆ ಪೈರೇನೋ ಚೇತರಿಸಿಕೊಂಡಿತು. ತೆನೆ ಸುಲಿದರೆ ಕಾಳು ಅಲ್ಲೊಂದು ಇಲ್ಲೊಂದು. ರೇಷ್ಮೆಯಂಥ ಎಳೆ ಹೊರಬರುವ ದಿನಗಳಲ್ಲಿ ತೇವ ಕೈಕೊಟ್ಟರೆ ಕಾಳು ಕಟ್ಟುವುದಿಲ್ಲ. ಮುಂದೆ ಎಷ್ಟು ಸುರಿದರೂ ಆ ನಷ್ಟ ತುಂಬದು.

ಉಪಗ್ರಹಕ್ಕೆ ಇದು ಸುಲಭಕ್ಕೆ ಕಾಣುವುದಿಲ್ಲ. ದಶಕಗಳಿಂದ ಬಳಕೆಯಲ್ಲಿರುವ ಎನ್‌ಡಿವಿಐ ಸೂಚ್ಯಂಕ ನೋಡುವುದು ಎಲೆ ಕೆಂಪು ಬೆಳಕನ್ನು ಎಷ್ಟು ಹೀರಿತು, ಅವಗೆಂಪನ್ನು ಎಷ್ಟು ಹಿಂದಿರುಗಿಸಿತು ಎಂಬುದನ್ನು. ಅಂದರೆ ಎಲೆ ಎಷ್ಟಿದೆ, ಪತ್ರಹರಿತ್ತು ಎಷ್ಟಿದೆ ಎಂಬ ಲೆಕ್ಕ. ನೀರು ಸಾಲದ ಗಿಡ ಬಿಸಿಲೇರುತ್ತಲೇ ಪತ್ರರಂಧ್ರ ಮುಚ್ಚಿಕೊಳ್ಳುತ್ತದೆ, ದ್ಯುತಿಸಂಶ್ಲೇಷಣೆ ಕುಸಿಯುತ್ತದೆ. ಬಣ್ಣ ಮಾತ್ರ ಎಷ್ಟೋ ದಿನ ಹಾಗೇ ಇರುತ್ತದೆ, ಬಾಗಿಲು ತೆರೆದಿದ್ದೂ ವ್ಯಾಪಾರವಿಲ್ಲದ ಅಂಗಡಿಯ ಹಾಗೆ. ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಬೆಳೆಹಾನಿ ತೂಗುವ ಅಳತೆಗಳಲ್ಲಿ ಈ ಹಸಿರೂ ಒಂದು.

ಇದಕ್ಕಿಂತ ಚುರುಕಾದ ಅಳತೆ ಈಗ ಇದೆ. ಹೀರಿದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಎಲೆ ಮಂದ ಹೊಳಪಾಗಿ ಹೊರಬಿಡುತ್ತದೆ. ಕಣ್ಣಿಗೆ ಕಾಣದ ಈ ಹೊಳಪು ದ್ಯುತಿಸಂಶ್ಲೇಷಣೆಯ ಏರಿಳಿತವನ್ನು ಬಣ್ಣಕ್ಕಿಂತ ಮೊದಲೇ ತೋರಿಸಬಲ್ಲದು. ಜಪಾನಿನ ಗೋಸ್ಯಾಟ್ ಉಪಗ್ರಹದ ದತ್ತಾಂಶದಿಂದ ಇದರ ಜಾಗತಿಕ ನಕ್ಷೆಗಳು ಮೊದಲು ಬಂದದ್ದು 2011ರಲ್ಲಿ. ಅಮೆರಿಕದ ಮೆಕ್ಕೆಜೋಳದ ಸೀಮೆ ಬೆಳೆ ಉಚ್ಛ್ರಾಯದ ಹೊತ್ತಿಗೆ ಅಮೆಜಾನ್ ಕಾಡಿಗಿಂತ ಶೇ 40ರಷ್ಟು ಹೆಚ್ಚು ಹೊಳೆಯುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ಸಾವಿರಾರು ಎಕರೆ ಒಂದೇ ಬೆಳೆ ಇರುವ ನಾಡಿಗೆ ಇದು ಸರಿ.

ನಮ್ಮಲ್ಲಿ? ಈ ಹೊಳಪನ್ನೇ ಅಳೆಯಲೆಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ರೂಪಿಸಿರುವ ಫ್ಲೆಕ್ಸ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 300 ಮೀಟರ್ ಉದ್ದಗಲ, ಸುಮಾರು 22 ಎಕರೆ. ನಮ್ಮ ಕಡೆ ಅಷ್ಟರಲ್ಲಿ ಏಳೆಂಟು ಹಿಡುವಳಿ ಇರುತ್ತವೆ. ಒಬ್ಬನಿಗೆ ಕೊಳವೆಬಾವಿ, ಮಿಕ್ಕವರಿಗೆ ಮಳೆಯೇ ಗತಿ. ಒಬ್ಬ ರಾಗಿ ಹಾಕಿದ್ದರೆ ಪಕ್ಕದವನು ತೊಗರಿ. ಸರಾಸರಿ ತೆಗೆದರೆ ಕೊಳವೆಬಾವಿಯವನ ಪೈರು ಉಳಿದವರ ನಷ್ಟವನ್ನು ಮುಚ್ಚಿಬಿಡುತ್ತದೆ. ಸೆಂಟಿನೆಲ್-2 ಉಪಗ್ರಹದ ಚುಕ್ಕೆ ಸುಮಾರು ಒಂದು ಗುಂಟೆಯಷ್ಟೇ, ನಿಜ. ಆದರೆ ಅದು ಅಳೆಯುವುದು ಹೊಳಪನ್ನಲ್ಲ, ಎಲೆಯಿಂದ ಮರಳುವ ಬೆಳಕನ್ನು. ಮುಂಗಾರಿನ ಮೋಡ ಕವಿದರೆ ಅದೂ ಇಲ್ಲ.

ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಭತ್ತ, ಗೋಧಿಯ ಇಳುವರಿ ಲೆಕ್ಕಕ್ಕೆ 2023ರ ಮುಂಗಾರಿನಿಂದ ಉಪಗ್ರಹದಂಥ ತಂತ್ರಜ್ಞಾನದ ಅಂದಾಜಿಗೆ ಕನಿಷ್ಠ ಶೇ 30ರ ತೂಕ ಕೊಟ್ಟಿದ್ದಾರೆ. ಹೊಲದಲ್ಲೇ ಇಳುವರಿ ಅಳೆಯುವ ಕಟಾವು ಪ್ರಯೋಗದಲ್ಲಿ ನಡೆಯುವ ಕೈಚಳಕ ಗೊತ್ತಿದ್ದವರು ಇದನ್ನು ತಳ್ಳಿಹಾಕಲಾರರು, ನಾನೂ ತಳ್ಳಿಹಾಕುವುದಿಲ್ಲ. ಆದರೆ ಯಾವ ಹೊಲಕ್ಕೆ ಮೊದಲು ಹೋಗಬೇಕು ಎಂಬುದನ್ನು ಉಪಗ್ರಹ ಹೇಳಲಿ, ಪರಿಹಾರದ ತೀರ್ಮಾನ ತೆನೆ ಸುಲಿದ ಮೇಲೆ ಆಗಲಿ. ಬರ ಕೈಪಿಡಿಯನ್ನು ಮುಂದೆ ತಿದ್ದುವಾಗ ಆಯಾ ಬೆಳೆ ಹೂವಾಡುವ ದಿನಗಳ ಮಣ್ಣಿನ ತೇವಕ್ಕೆ ಪೈರಿನ ಹಸಿರಿಗಿಂತ ಹೆಚ್ಚು ತೂಕ ಸಿಗಬೇಕು.